ಸ್ಲ್ಯಾಬಿನ ದಿನದ ಊಟ

ಇನ್ಸುಲಿನ್ ಬಾಟಲಿಗೆ ನೂರೆಪ್ಪತ್ತು, ಸೂಜಿಗೆ ಎಂಟು, ಬೆರಳು ಚುಚ್ಚಿ ಸಕ್ಕರೆ ನೋಡುವ ಪಟ್ಟಿಗೆ ಇಪ್ಪತ್ತು. ಹುಸೇನಮ್ಮ ಪಟ್ಟಿಯನ್ನು ವಾರಕ್ಕೊಂದೇ ಬಳಸುತ್ತಿದ್ದಳು. ಉಳಿದ ದಿನ ಕೈ ನಡುಗಿದರೆ ಸಕ್ಕರೆ ಇಳಿದಿದೆ ಎಂದೇ ಲೆಕ್ಕ. ದಿನದ ಕೂಲಿ ಏಳುನೂರು, ಸ್ಲ್ಯಾಬ್ ಹಾಕುವ ದಿನ ಸಾವಿರ. ಆ ಸಾವಿರ ತಪ್ಪಬಾರದೆಂದು ಎರಡು ವರ್ಷದಿಂದ ಕಾಯಿಲೆಯನ್ನು ಮೇಸ್ತ್ರಿಗೆ ಹೇಳಿರಲಿಲ್ಲ. ಕೂಕಟ್‌ಪಲ್ಲಿಯ ತಗಡಿನ ಶೆಡ್ಡಿನಲ್ಲಿ ಫ್ರಿಜ್ ಎಲ್ಲಿಯದು? ಒದ್ದೆ ಮರಳಿನ ಗಡಿಗೆಯಲ್ಲಿ ಬಾಟಲಿ ಹೂತಿಟ್ಟು ತಣ್ಣಗೆ ಕಾಯ್ದುಕೊಂಡಿದ್ದಳು.

ಸ್ಲ್ಯಾಬಿನ ದಿನ ಸಾಲು ಮುರಿಯುವಂತಿಲ್ಲ. ಕಾಂಕ್ರೀಟಿನ ಪುಟ್ಟಿ ಕೈಯಿಂದ ಕೈಗೆ ಮೇಲೇರುತ್ತಲೇ ಇರಬೇಕು. ಎಲ್ಲ ಮುಗಿದ ಮೇಲೆಯೇ ಮಾಲೀಕನ ಬಿರಿಯಾನಿ. ಸೂಜಿ ಚುಚ್ಚಿಕೊಂಡು ಹೊತ್ತಿಗೆ ಉಣ್ಣದಿದ್ದರೆ ಸಕ್ಕರೆ ಇಳಿದು ತಲೆ ತಿರುಗುತ್ತದೆ. ಹಿಂದಿನ ಸಲ ಊಟ ತಡವಾಗುತ್ತದೆಂದು ಅವಳು ಬೆಳಗಿನ ಸೂಜಿಯನ್ನೇ ಬಿಟ್ಟಿದ್ದಳು. ಸಕ್ಕರೆ ಏರಿ, ಕಾಲಿನ ಗಾಯ ತಿಂಗಳಾದರೂ ಮಾಯಲಿಲ್ಲ. ಡಾಕ್ಟರಮ್ಮ ಕಾಲ್ಬೆರಳು ಕತ್ತರಿಸುವ ಮಾತಾಡಿದ್ದಳು. ಹಾಗಾಗಿ ಈ ಸಲ ಸೂಜಿ ಬಿಡಲಿಲ್ಲ. ಒಂದು ಗಂಟೆಗೆ ಮುಗಿಯುತ್ತದೆ ಎಂದ ಮೇಸ್ತ್ರಿಯ ಮಾತು ನಂಬಿದಳು.

ಎರಡಾದರೂ ಮಿಕ್ಸರ್ ನಿಲ್ಲಲಿಲ್ಲ. ಕುತ್ತಿಗೆಯಲ್ಲಿ ತಣ್ಣನೆಯ ಬೆವರಿಳಿಯಿತು. ಒಂದು ಪುಟ್ಟಿ ಎರಡಾಗಿ ಕಂಡಿತು. ಕೆಳಗಿನ ಮೆಟ್ಟಿಲಲ್ಲಿ ಅವಳಿಗೆ ಪುಟ್ಟಿ ಎತ್ತಿಕೊಡುತ್ತ ಗುರುದೇವಿ ನಿಂತಿದ್ದಳು. ಕೈ ಜಾರಿದರೆ ಅವಳ ತಲೆಯ ಮೇಲೆಯೇ. ಹುಸೇನಮ್ಮ ಪುಟ್ಟಿ ಇಳಿಸಿ ಅಲ್ಲೇ ಕೂತಳು. ಸೆರಗಿನ ಗಂಟು ಬಿಚ್ಚಿ ಬೆಲ್ಲ ಬಾಯಿಗೆ ಹಾಕಿ, ರೊಟ್ಟಿ ಮುರಿದಳು.

"ಏನಕ್ಕಾ, ಬಿರ್ಯಾನಿ ತನಕ ತಡಿಯಾಕ ಆಗವಲ್ದೇನು? ಹೊಟ್ಟಿ ಐತೋ, ಕಾಳು ತುಂಬೋ ಹಗೇವ ಐತೋ?" ಎಂದು ಗುರುದೇವಿ ನಕ್ಕಳು.

ಮೇಲಿನಿಂದ ಮೇಸ್ತ್ರಿ ಹುಲಗೇಶ ಕೂಗಿದ. "ಏ, ಚಲೋ ಚಲೋ! ಸಾಲು ಯಾಕ ನಿಂತೈತಿ?"

"ನಾನೇ ನಿಂದ್ರಿಸೀನ್ರಿ. ನನಗ ಸಕ್ಕರಿ ಬ್ಯಾನಿ ಐತಿ. ಮುಂಜಾನಿ ಸೂಜಿ ತಗೊಂಡೀನಿ, ಈಗ ಉಣ್ಣಲಿಲ್ಲಂದ್ರ ಈಕಿ ಮ್ಯಾಲೆ ಬೀಳ್ತೀನಿ."

ಗುರುದೇವಿಯ ನಗು ನಿಂತಿತು. ಹುಲಗೇಶ ಇಳಿದು ಬಂದ.

"ಎರಡು ವರ್ಷ ಆತು ನನ್ನ ಕೂಡ ಅದಿ. ಒಂದು ಮಾತು ಹೇಳಲಿಲ್ಲಲ್ಲವಾ?"

"ಹೇಳಿದ್ರ ಸಾಲಿಗೆ ಕರೀತಿದ್ರೇನ್ರಿ?"

ಅವನು ತಲೆ ಕೆರೆದುಕೊಂಡ. "ಇಲ್ಲ. ಇನ್ನ ಮುಂದೂ ಕರಿಯಂಗಿಲ್ಲ. ನಾಳಿಂದ ಸ್ಲ್ಯಾಬಿಗೆ ನೀರು ಬಿಡು. ಆರುನೂರು."

"ಆಗಲ್ರಿ. ಆದ್ರ ಒಂದು ಗಂಟೆಕ್ಕ ಊಟಕ್ಕ ಬಿಡಬೇಕು."

"ಭಾಳ ಗಟ್ಟಿ ಅದೀಯವಾ ನೀ," ಎಂದು ಹುಲಗೇಶ ತಾನೇ ಅವಳ ಜಾಗದಲ್ಲಿ ನಿಂತು ಪುಟ್ಟಿಗೆ ಕೈಚಾಚಿದ.

ಮರುದಿನದಿಂದ ಕೂಲಿ ನೂರು ಕಡಿಮೆಯಾಯಿತು, ಸ್ಲ್ಯಾಬಿನ ಸಾವಿರವೂ ಹೋಯಿತು. ಒಂದು ಗಂಟೆಗೆ ಹುಸೇನಮ್ಮ ನೀರಿನ ಪೈಪು ಕೆಳಗಿಟ್ಟು, ಉಳಿದವರು ಇನ್ನೂ ಇಟ್ಟಿಗೆ ಹೊರುತ್ತಿರುವಾಗಲೇ, ಎಲ್ಲರಿಗೂ ಕಾಣುವಲ್ಲಿ ಕೂತು ನಿಧಾನವಾಗಿ ಉಂಡಳು.