ದೊರೆಸಾನಿಯ ಜೂಲು

ಆ ಸವಾರಿ ಶಾಲೆಯ ಲಾಯದ ಮೇಸ್ತ್ರಿ ಕೈಯಿಟ್ಟರೆ ಬಂಡೆಗಲ್ಲಿಗೂ ಬೈತಲೆ ಮೂಡುತ್ತಿತ್ತು. ಅವನು ಉಜ್ಜಿ ನಿಲ್ಲಿಸಿದ ಕುದುರೆಯ ಮೈಯಲ್ಲಿ ಮುಖ ನೋಡಿಕೊಂಡು ಮೂರು ಜನ ಮೀಸೆ ತೀಡಿಕೊಂಡಿದ್ದರು. ನಾಲ್ಕನೆಯವನಿಗೆ ಕಣ್ಣು ಕೋರೈಸಿ ಅರ್ಧ ಮೀಸೆಯೇ ಕತ್ತರಿಗೆ ಹೋಗಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಅವನು ಕಿತ್ತ ಕುದುರೆಗೂದಲನ್ನು ಒಂದಕ್ಕೊಂದು ಗಂಟು ಹಾಕಿದ್ದರೆ ಚಂದ್ರನನ್ನು ಒಂದು ಸುತ್ತು ಬಿಗಿದು, ಮಿಕ್ಕಿದ್ದರಲ್ಲಿ ಇಡೀ ಬೀದಿಯ ಬಟ್ಟೆ ಒಣಹಾಕಬಹುದಿತ್ತು.

ಕಿತ್ತ ಎಂದರೆ ನಿಜವಾಗಿಯೂ ಕಿತ್ತದ್ದೇ. ಜೂಲನ್ನು, ಅಂದರೆ ಕುದುರೆಯ ಕುತ್ತಿಗೆಯ ಮೇಲಿಂದ ಇಳಿಬಿದ್ದ ಕೂದಲನ್ನು, ಕತ್ತರಿಯಿಂದ ಕತ್ತರಿಸುವುದು ಅವನ ಲೆಕ್ಕದಲ್ಲಿ ಹೇಡಿಗಳ ಕೆಲಸ. ಉದ್ದ ಎಳೆಗಳನ್ನು ಕಬ್ಬಿಣದ ಗಿಡ್ಡ ಬಾಚಣಿಗೆಗೆ ಸುತ್ತಿ, ಬುಡಸಮೇತ ಒಂದೇ ಏಟಿಗೆ ಕಿತ್ತರೆ ಮಾತ್ರ ಜೂಲು ತೆಳ್ಳಗಾಗಿ ಅಚ್ಚುಕಟ್ಟಾಗಿ ಕೂರುತ್ತದೆ. ‘ಅಲ್ಲಿ ಕುದುರೆಗೆ ನೋವೇ ಆಗೋಲ್ಲ’ ಎಂದು ಕೆಲಸ ಕಲಿಸಿದ ಗುರು ಹೇಳಿದ್ದರು. ಅದನ್ನು ಕುದುರೆಯ ಹತ್ತಿರವೂ ಒಂದು ಮಾತು ವಿಚಾರಿಸಬೇಕೆಂದು ಮೇಸ್ತ್ರಿಗೆ ಯಾವತ್ತೂ ಹೊಳೆದಿರಲಿಲ್ಲ.

ಲಾಯದ ಹನ್ನೊಂದು ಕುದುರೆಗಳು ಕಲ್ಲಿನ ಹಾಗೆ ನಿಂತು ಕೀಳಿಸಿಕೊಂಡವು. ಹನ್ನೆರಡನೆಯವಳು, ಹೋದ ವರ್ಷ ಬಂದ ಕಂದು ಬಣ್ಣದ ಹೆಣ್ಣುಕುದುರೆ. ಅವಳ ಗತ್ತು ನೋಡಿ ಎಲ್ಲರೂ ದೊರೆಸಾನಿ ಎನ್ನುತ್ತಿದ್ದರು. ಬಾಚಣಿಗೆ ಕಂಡರೆ ದೊರೆಸಾನಿಗೆ ಎಲ್ಲಿಲ್ಲದ ಸಿಟ್ಟು. ಮೇಸ್ತ್ರಿಯ ಎರಡು ಅಂಗಿ, ಒಂದು ಟೋಪಿ, ಅವನ ಮಾತನ್ನು ನಂಬುವುದಾದರೆ ಮುಕ್ಕಾಲು ಬಾಗಿಲನ್ನೂ ಆಗಲೇ ತಿಂದು ಮುಗಿಸಿದ್ದಳು. ಮೂರು ತಿಂಗಳಿಂದ ಯಾರೂ ಕೈಹಾಕದೆ ಅವಳ ಜೂಲು ಗಂಟುಗಂಟಾಗಿ, ನಾಲ್ಕು ಗುಬ್ಬಿಗಳು ಬಾಣಂತನ ಮುಗಿಸಿಕೊಂಡು ಹೋಗುವಷ್ಟು ದಟ್ಟವಾಗಿತ್ತು. ಆ ವಾರ ಸವಾರಿ ಕಲಿಯಲು ಬಂದ ಪುಟ್ಟ ಹುಡುಗಿ ಅದನ್ನು ಸವರಲು ಹೋದಾಗ ದೊರೆಸಾನಿ ಬಾಯಿ ಹಾಕಿ ಹುಡುಗಿಯ ಅಂಗಿತೋಳಿನ ಗುಂಡಿಯನ್ನೇ ಕಿತ್ತಳು.

ಶಾಲೆಯ ಯಜಮಾನಿ ಲಾಯಕ್ಕೆ ಬಂದರು. “ಮೇಸ್ತ್ರಿ, ಮಕ್ಕಳು ಮೊದಲು ಮುಟ್ಟೋದೇ ಕುತ್ತಿಗೆಯನ್ನ. ಇವತ್ತು ಗುಂಡಿ ಹೋಯ್ತು, ನಾಳೆ ಬೆರಳು ಹೋದ್ರೆ? ಶನಿವಾರ ನಾನೇ ಕೈಯಿಟ್ಟು ನೋಡ್ತೀನಿ. ಆಗಲೂ ಹಲ್ಲು ತೋರಿಸಿದ್ರೆ ಬೇರೆ ಕಡೆ ಕಳಿಸಿಬಿಡೋಣ.”

“ಇನ್ನೂ ಮೂರು ದಿನ ಇದೆಯಲ್ಲಮ್ಮ. ಅಷ್ಟರಲ್ಲಿ ಹುಲಿಗೂ ಜಡೆ ಹೆಣೆದು ಕೊಡ್ತೀನಿ.”

“ಹುಲಿ ತಂಟೆ ಬೇಡ. ಇವಳದ್ದು ನೋಡಿ.”

ಬಾಯಿ ಬಡಾಯಿ ಕೊಚ್ಚಿದರೂ ದೊರೆಸಾನಿಯನ್ನು ಕಳಿಸಲು ಅವನಿಗೆ ಮನಸ್ಸಿರಲಿಲ್ಲ. ಅವನು ಬಾಚಣಿಗೆಯಿಲ್ಲದೆ ಬರಿಗೈಯಲ್ಲಿ ಬಂದ ದಿನ, ಹೆಜ್ಜೆಸಪ್ಪಳಕ್ಕೇ ಗೋಡೆಯಾಚೆಯಿಂದ ಕೆನೆದು ಕರೆಯುತ್ತಿದ್ದವಳು ಲಾಯದಲ್ಲಿ ಅವಳೊಬ್ಬಳೇ.

ಸಂಜೆ ಮನೆಯಲ್ಲಿ ಹೆಂಡತಿ ಸ್ಟೂಲಿನ ಮೇಲೆ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಹದಿನೈದು ದಿನದ ಹಿಂದೆ ಜಾರಿಬಿದ್ದು ಅವಳ ಬಲಗೈ ಪಟ್ಟಿಯಲ್ಲಿ ತೂಗುತ್ತಿತ್ತು. ಅಷ್ಟು ದಿನ ತಲೆ ಬಾಚಿಕೊಟ್ಟ ತಂಗಿ ಅಂದು ಬೆಳಿಗ್ಗೆ ತನ್ನ ಮನೆಗೆ ಹೊರಟುಹೋಗಿದ್ದಳು.

“ರೀ, ಒಂಚೂರು ಬಾಚಿಕೊಡ್ತೀರಾ?”

“ಇಪ್ಪತ್ತಾರು ವರ್ಷದ ಸರ್ವೀಸು ನಂದು. ಸುಮ್ನೆ ಕೂತ್ಕೋ.”

ನೆತ್ತಿಗೆ ಬಾಚಣಿಗೆ ಹೂತು ಒಂದೇ ಎಳೆತ ಎಳೆದ. ಹೆಂಡತಿ ಕಿರುಚಲಿಲ್ಲ. ಸರಕ್ಕನೆ ತಿರುಗಿ ಅವನ ಮುಂಗೈಯನ್ನು ಕಚ್ಚಿದಳು.

“ಕಚ್ತೀಯಲ್ಲೇ, ಬಜಾರಿ.”

“ಇನ್ನೇನ್ ಮಾಡ್ಲಿ? ಒಂದು ಕೈ ಕಟ್ಟಿದೆ, ಇನ್ನೊಂದರಲ್ಲಿ ಬೀಳದ ಹಾಗೆ ಸ್ಟೂಲು ಹಿಡ್ಕೊಂಡಿದೀನಿ. ಉಳಿದಿದ್ದು ಬಾಯೊಂದೇ. ಕುದುರೆಗೂ ಹೀಗೇ ಬಾಚ್ತೀರಾ?”

“ಅದಕ್ಕೆ ನೋವಾಗಲ್ಲ.”

“ಯಾರ್ ಹೇಳಿದ್ದು, ಕುದುರೆನಾ?”

ಮೇಸ್ತ್ರಿ ಮುಂಗೈಯ ಮೇಲೆ ಸಾಲಾಗಿ ಮೂಡಿದ್ದ ಹಲ್ಲಿನ ಗುರುತನ್ನೇ ನೋಡುತ್ತ ನಿಂತ. ಹೆಂಡತಿ ಮುಂದಕ್ಕೆ ತಿರುಗಿ ಕೂತಳು. “ಬುಡದ ಹತ್ತಿರ ಬಿಗಿಯಾಗಿ ಹಿಡ್ಕೊಳ್ಳಿ. ಎಳೆತ ನಿಮ್ಮ ಕೈಗೇ ನಿಲ್ಲಲಿ, ನನ್ನ ತಲೆಗೆ ಬರೋದು ಬೇಡ. ತುದಿಯಿಂದ ಶುರು ಮಾಡಿ. ಗಂಟು ಸಿಕ್ಕಿದ್ರೆ ಬೆರಳಲ್ಲಿ ಬಿಡಿಸಿ.”

ಅವಳು ಹೇಳಿದಂತೆಯೇ ಮಾಡಿದ. ಸ್ವಲ್ಪ ಹೊತ್ತಿಗೆ ಅವಳ ಭುಜ ಇಳಿಯಿತು, ಕಣ್ಣು ಮುಚ್ಚಿತು.

“ಉಪಕಾರ ಆಯ್ತು ಕಣೇ,” ಎಂದ.

“ಬಾಚಿಸಿಕೊಂಡವಳು ನಾನು, ಉಪಕಾರ ನಿಮಗಾ? ಹಣೆ ಮುಟ್ಟಿ ನೋಡ್ಕೊಳ್ಳಿ, ಜ್ವರ ಗಿರ ಬಂದಿರ್ಬೇಕು.”

ಮರುದಿನ ಮೇಸ್ತ್ರಿ ಕಬ್ಬಿಣದ ಬಾಚಣಿಗೆಯನ್ನು ಮೂಲೆಗೆಸೆದು, ಒಂದು ಶೀಸೆ ಎಣ್ಣೆ ಮತ್ತು ಅಗಲ ಹಲ್ಲಿನ ಬಾಚಣಿಗೆ ಹಿಡಿದು ಹೋದ. ದೊರೆಸಾನಿ ಕಿವಿ ಹಿಂದಕ್ಕೆ ಮಡಚಿ ಅವನ ತೋಳಿನ ಬಟ್ಟೆಯನ್ನು ಹಲ್ಲಲ್ಲಿ ಹಿಡಿದಳು. ಅವನು ಕೈ ಕೊಸರಲಿಲ್ಲ. ಅವಳು ತಾನಾಗಿ ಬಿಡುವತನಕ ಕಾದು, ಒಂದೇ ಗಂಟಿಗೆ ಎಣ್ಣೆ ಹಚ್ಚಿ, ಬುಡ ಹಿಡಿದು, ತುದಿಯಿಂದ ಬಿಡಿಸಿದ. ಅವಳನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿ ತಂದು ಎರಡನೆಯದಕ್ಕೆ ಕೈಹಾಕಿದ. ಹಾಗೆ ಎರಡು ದಿನದಲ್ಲಿ ಒಂಬತ್ತು ಸಾವಿರ ಗಂಟು ಬಿಡಿಸಿದ. ಎಣಿಸಲು ಬೇರೆ ಯಾರೂ ಇಲ್ಲದ್ದರಿಂದ ಅವನ ಲೆಕ್ಕವೇ ಲೆಕ್ಕ. ಕೊನೆಗೆ, ಹೇಡಿಗಳ ಕತ್ತರಿಯನ್ನೇ ಕೈಗೆತ್ತಿಕೊಂಡ. ಅಡ್ಡಕ್ಕೆ ಕತ್ತರಿಸಿದರೆ ಬಟ್ಟಲು ಕವುಚಿದಂತಾಗುತ್ತದೆಂದು ಕತ್ತರಿಯ ಮೂತಿಯನ್ನು ಮೇಲ್ಮುಖ ಹಿಡಿದು ತುದಿಗಳನ್ನಷ್ಟೇ ಚೂರುಚೂರೇ ತೆಗೆದ. ಜೂಲು ಕಿತ್ತದ್ದಕ್ಕಿಂತ ಚೆನ್ನಾಗಿ ಕೂತಿತು. ಅದೊಂದು ಮಾತನ್ನು ಅವನು ಉತ್ಪ್ರೇಕ್ಷೆ ಮಾಡಬೇಕಾಗಿಯೇ ಬರಲಿಲ್ಲ.

ಶನಿವಾರ ಯಜಮಾನಿ ಹೆದರುತ್ತಲೇ ಕೈಯಿಟ್ಟು ಕಿವಿಯ ಬುಡದಿಂದ ಬೆನ್ನಿನವರೆಗೆ ಸವರಿದರು. ದೊರೆಸಾನಿ, ಎತ್ತಿನ ಗಾಡಿ ಹೊಕ್ಕು ಹೊರಬರುವಷ್ಟು ದೊಡ್ಡದಾಗಿ ಆಕಳಿಸಿ, ಅವರ ಹೆಗಲ ಮೇಲೆ ಗಲ್ಲವಿಟ್ಟು ಜೊಲ್ಲು ಸುರಿಸಿದಳು.

“ಇವಳೆಲ್ಲಿಗೂ ಹೋಗಲ್ಲ,” ಎಂದರು ಯಜಮಾನಿ, ಹೆಗಲು ಒರೆಸಿಕೊಳ್ಳದೆ. “ಏನ್ ಮಾಯ ಮಾಡಿದ್ರಿ?”

ಬೇರೆ ದಿನವಾಗಿದ್ದರೆ ಮೇಸ್ತ್ರಿ ಎರಡು ಗಂಟೆಯ ಕಥೆ ಹೇಳುತ್ತಿದ್ದ. ಅಂದು, “ಮನೆಯವಳು ಹೇಳಿಕೊಟ್ಟಳು, ಅಮ್ಮ. ಇವಳೂ ವರ್ಷದಿಂದ ಅದನ್ನೇ ಹೇಳ್ತಿದ್ಲು, ನನಗೇ ಕೇಳಿಸಿರಲಿಲ್ಲ,” ಎಂದಷ್ಟೇ ಹೇಳಿ ದೊರೆಸಾನಿಯ ಕುತ್ತಿಗೆ ತಟ್ಟಿದ.

ಯಜಮಾನಿ ಹೋದ ಮೇಲೆ ಅವನು ಸಾಲಿನ ಕೊನೆಗೆ ನಡೆದ. ಅಲ್ಲಿ ಬಿಳಿ ಮುದಿಗುದುರೆ ನಿಂತಿತ್ತು. ಹದಿನೆಂಟು ವರ್ಷ ಒಂದು ಕಾಲನ್ನೂ ಕದಲಿಸದೆ ಜೂಲು ಕೀಳಿಸಿಕೊಂಡ ಸಾಧು ಪ್ರಾಣಿ. ಮೇಸ್ತ್ರಿಯ ಕೈ ಕುತ್ತಿಗೆಗೆ ಬರುತ್ತಲೇ ಅದು ಎಂದಿನಂತೆ ಕಣ್ಣು ಮುಚ್ಚಿ, ಮೈ ಸೆಟೆಸಿ ನಿಂತಿತು. ‘ನನ್ನ ಕೈಗುಣಕ್ಕೆ ಹೇಗೆ ನಿದ್ದೆ ಬರುತ್ತೆ ನೋಡಿ’ ಎಂದು ಇಷ್ಟು ವರ್ಷ ಬಂದವರಿಗೆಲ್ಲ ತೋರಿಸಿದ್ದು ಇದನ್ನೇ.

ಮೇಸ್ತ್ರಿ ಬುಡ ಹಿಡಿದು, ತುದಿಯಿಂದ ಬಾಚತೊಡಗಿದ. ಬಹಳ ಹೊತ್ತು ಏನೂ ಆಗಲಿಲ್ಲ.

“ನೀನೂ ಒಂದ್ಸಲ ಕಚ್ಚಬಾರದಿತ್ತೇನಪ್ಪ,” ಎಂದ.

ಮುದಿಗುದುರೆ ಕಣ್ಣು ತೆರೆಯಿತು. ಒಂದು ಕಿವಿಯನ್ನು ಅವನ ಕಡೆ ತಿರುಗಿಸಿ, ಬಾಚಲು ಸುಲಭವಾಗುವಂತೆ ಕುತ್ತಿಗೆಯನ್ನು ಒಂದು ಗೇಣು ಕೆಳಗಿಳಿಸಿತು.