ಹಾಡಿನ ನಡುವಿನ ಹೆಸರು

ಸಿಕಂದರನ ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳು ತೂಗಾಡುತ್ತವೆ. ಹಿಂದೆ ಅದು ರೋಜಾ ಬಡಾವಣೆಯಲ್ಲೆಲ್ಲ ಹೆಸರಾದ ಸೀಡಿ ಅಂಗಡಿ. ಉರುಸಿನ ಕವ್ವಾಲಿಯಾಗಲಿ, ಜಯಂತಿಯ ಭೀಮಗೀತೆಯಾಗಲಿ, ಸೌಂಡ್ ಸಿಸ್ಟಮ್‌ನವರು ಹಾಡಿದವರನ್ನು ಕೇಳದೆ ಮಿಕ್ಸರಿನಿಂದ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು, ಆತ ಪ್ರತಿ ತೆಗೆದು ಮಾರುತ್ತಿದ್ದ. ಉಳಿದವು ಅಟ್ಟದ ಮೇಲೆ ಗೋಣಿಚೀಲಗಳಲ್ಲಿದ್ದವು. ಕೆಲವು ತಿಂಗಳಿಂದ ಸುಮಂಗಲಾ ಭಾನುವಾರಗಳಲ್ಲಿ ಬಂದು ಆ ಚೀಲಗಳನ್ನು ಬಗೆಯುತ್ತಿದ್ದಳು.

"ಒಂದರ ಮ್ಯಾಲೂ ಹಾಡಿದವರ ಹೆಸರಿಲ್ಲಲ್ರೀ ಭಾಯ್."

"ಹೆಸರ ಹಾಕಿದ್ರ ಹಾಡಿದವ ಓದ್ಕೊಂಡು ಬಂದು ರೊಕ್ಕಾ ಕೇಳ್ತಾನ, ಬೆಹೆನ್. ಅದಕ್ಕ ಬರೇ ದರ್ಗಾದ್ದೋ ದೊಡ್ಡವರದೋ ಫೋಟೋ. ಫೋಟೋ ಏನೂ ಕೇಳಂಗಿಲ್ಲ."

ಅವಳ ಗಂಡ ಸುಧಾಕರ ಬೈಕ್ ಅಪಘಾತದಲ್ಲಿ ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಅವಳು ಅತ್ತಿರಲಿಲ್ಲ. ಗಾಜಿಪುರದ ಬಾಡಿಗೆ ಮನೆಯಿಂದ ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದಳು, ಅಷ್ಟೇ. ಅವಳ ಫೋನಿನಲ್ಲಿ ಆತ ಬರೆದ ಸಂದೇಶಗಳಿದ್ದವು, ದನಿ ಇರಲಿಲ್ಲ. ಮದುವೆಯ ಹೊಸದರಲ್ಲಿ ಒಮ್ಮೆ ಆತ ಹೇಳಿದ್ದ, "ನಾನೂ ಹಾಡಾವ ಇದ್ದೆ. ನಮ್ಮೂರ ಜಯಂತಿಯೊಳಗ ಹಾಡಿದ್ದು ಸೀಡಿ ಸುದ್ದಾ ಬಂದಿತ್ತು." ಹಾಡಲು ಹೇಳಿದರೆ ನಕ್ಕು ಎದ್ದು ಹೋಗುತ್ತಿದ್ದ. ಅವನೂರು ಕಮಲಾಪುರದಲ್ಲಿದ್ದ ಅತ್ತೆಯ ಕಿವಿ ಈಗ ಮಂದವಾಗುತ್ತಿತ್ತು. "ಪೂರ್ತಿ ಕಿವುಡಿ ಆಗೂದ್ರೊಳಗ ಅವನ ದನಿ ಒಮ್ಮಿ ಕೇಳಸವ್ವಾ," ಎಂದಿದ್ದಳು.

ಕದ್ದು ಹಿಡಿದ ಹಾಡುಗಳಲ್ಲಿ ಏನನ್ನೂ ತೆಗೆದು ಹಾಕಿರುವುದಿಲ್ಲ. ಜನರೇಟರಿನ ಸದ್ದು, ಕೆಮ್ಮು, ಅಳುವ ಕೂಸು ಎಲ್ಲ ಇರುತ್ತದೆ. ಯಾರಾದರೂ ವೇದಿಕೆಗೆ ಬಂದು ಹತ್ತು ರೂಪಾಯಿ ಕೊಟ್ಟರೆ ಹಾಡುಗಾರ ಅಲ್ಲಿಗೇ ಹಾಡು ನಿಲ್ಲಿಸಿ ಕೊಟ್ಟವರ ಹೆಸರು, ಊರು ಹೇಳಬೇಕು. ಹಾರ್ಮೋನಿಯಂ ಮಾತ್ರ ನಡೆದಿರುತ್ತದೆ. ಆ ಹೆಸರುಗಳಿಂದ ಯಾವ ಸೀಡಿ ಯಾವ ಊರಿನದೆಂದು ಗುರುತು ಹಚ್ಚುವುದನ್ನು ಸುಮಂಗಲಾ ಕಲಿತಿದ್ದಳು. ಆಳಂದದ್ದು, ಚಿತ್ತಾಪುರದ್ದು, ಮಹಾಗಾಂವದ್ದು ಸಿಕ್ಕಿದ್ದವು. ಬೇಕಾದದ್ದು ಸಿಕ್ಕಿರಲಿಲ್ಲ.

ಆ ಭಾನುವಾರ ಮನೆಗೆ ತಂದ ಸೀಡಿಯೊಂದರಲ್ಲಿ ಎಳೆಯ, ತುಂಬಿದ ದನಿಯಿತ್ತು. ಹಾಡು ನಡುವೆ ನಿಂತಿತು. ಹಾರ್ಮೋನಿಯಂ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸಿತು. ಆಮೇಲೆ ಅದೇ ದನಿ, "ಪುತಳಾಬಾಯಿ ಗಂಡ ಯಂಕಪ್ಪ, ಕಮಲಾಪುರ, ಹತ್ತು ರೂಪಾಯಿ. ಜೈ ಭೀಮ್."

ಪುತಳಾಬಾಯಿ ಎಂದರೆ ಅತ್ತೆ. ಮಗನಿಗಲ್ಲದೆ ಅವಳು ಇನ್ನಾರಿಗೆ ಕೊಟ್ಟಾಳು? ಹೆತ್ತವಳ ಹೆಸರನ್ನು ಮೈಕಿನಲ್ಲಿ ಹೇಳಲು ನಾಚಿಕೆಯಾಗಿ ತಡೆದಿರಬೇಕು. ಸುಮಂಗಲಾ ಹೆಡ್‌ಫೋನ್ ತೆಗೆಯಲಿಲ್ಲ. ಎರಡು ವರ್ಷ ಬಾರದ ಅಳು ಬಂತು. ವಾರವಿಡೀ ಕೇಳಿದಳು, ವಾರವಿಡೀ ಅತ್ತಳು.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕಮಲಾಪುರದ ಬಸ್ಸು ಹತ್ತಿದಳು. ಪುತಳಾಬಾಯಿ ಸೆರಗು ಸರಿಸಿ ಹೆಡ್‌ಫೋನ್ ಹಾಕಿಸಿಕೊಂಡು, ಹಾಡು ಮುಗಿಯುವವರೆಗೆ ಅಲುಗಾಡದೆ ಕೂತಳು.

"ಇವ ನಮ್ಮ ಹುಡುಗ ಅಲ್ಲವ್ವಾ."

"ನೀವ ರೊಕ್ಕಾ ಕೊಟ್ಟೀರಲ್ರೀ ಅತ್ತಿ. ನಿಮ್ಮ ಹೆಸರದ ಇದರಾಗ."

"ಕೊಟ್ಟೀನಿ. ಇವ ಬೀದರ ಕಡಿಂದ ಬಂದ ಹಾಡಾವ. ನಮ್ಮ ಸುಧಾಕರ ಹಿಂದ ಕುಂತು ತಾಳ ಬಡೀತಿದ್ದ. ಇವನ ಕೈಯಾಗ ಹತ್ತು ರೂಪಾಯಿ ಇಟ್ರ ನಮ್ಮ ಹುಡುಗಗ ಒಂದ್ ಹಾಡ ಬಿಟ್ಟಾನು ಅಂತ ಕೊಟ್ಟೆ."

"ಬಿಟ್ನೇನ್ರೀ?"

"ಎಲ್ಲಿ ಬಿಡ್ತಾನ. ರೊಕ್ಕಾ ಕಿಸೇದಾಗ ಇಟ್ಕೊಂಡು ತಾನ ಹಾಡಿದ."

"ನಂದು ಸೀಡಿ ಬಂದದ ಅಂದಿದ್ರಲ್ರೀ ಅವರು."

ಪುತಳಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಿನ್ ಮುಂದ ಹಂಗ ಹೇಳ್ಯಾನೇನು? ತಾಳಾನೂ ಬಂದದಲ್ಲ ಅದರಾಗ. ಸುಳ್ಳೇನಲ್ಲ ಬಿಡು."

ಸುಮಂಗಲಾಗೆ ನಗು ಬರಲಿಲ್ಲ. ಯಾವನೋ ಅಪರಿಚಿತನ ದನಿಗೆ ತಾನು ಒಂದು ವಾರ ಅತ್ತಿದ್ದಳು. ಅಂಥ ಅಳುವಿಗೆ ಈಗ ಏನೆನ್ನಬೇಕೋ ತಿಳಿಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಲು ಹೋದವಳು ತಡೆದಳು.

"ಮತ್ತ ಹೆಸರ ಹೇಳೂಕಿಂತ ಮೊದ್ಲ ಯಾಕ ನಿಂತಾನ್ರೀ ಅವ?"

"ಅವಗೇನ ಗೊತ್ತು ನಾ ಯಾರಂತ. ಹಿಂದ ಹೊಳ್ಳಿ ನಮ್ಮ ಹುಡುಗನ್ನ ಕೇಳಿದ."

ಸುಮಂಗಲಾ ಹೆಡ್‌ಫೋನ್ ತಾನು ಹಾಕಿಕೊಂಡು ಸದ್ದನ್ನು ಪೂರ್ತಿ ಏರಿಸಿದಳು. ಹಾರ್ಮೋನಿಯಂ ಕಿವಿಗೆ ಅಪ್ಪಳಿಸಿತು. ಅದರ ಕೆಳಗೆ, ಮೈಕಿನಿಂದ ದೂರ, ಯಾರೋ ಅವಸರದಲ್ಲಿ ಹೇಳಿದರು: "ಪುತಳಾಬಾಯಿ. ಗಂಡ ಯಂಕಪ್ಪ."

ಅದು ಹಾಡಿದ ದನಿಯಲ್ಲ. ಮುಂಜಾನೆ ಬಾಗಿಲಲ್ಲಿ ನಿಂತು ಬೈಕಿನ ಕೀಲಿ ಎಲ್ಲಿ ಎಂದು ಕೇಳುವ ದನಿ. ಅದನ್ನು ಗುರುತಿಸಲು ಅವಳಿಗೆ ಊರೂ ಬೇಕಾಗಲಿಲ್ಲ, ಹೆಸರೂ ಬೇಕಾಗಲಿಲ್ಲ.

ಹೆಡ್‌ಫೋನನ್ನು ಅತ್ತೆಗೆ ಹಾಕಿ ಅಷ್ಟನ್ನೇ ಮತ್ತೆ ಮತ್ತೆ ಕೇಳಿಸಿದಳು. ಪುತಳಾಬಾಯಿ ಕಣ್ಣು ಮುಚ್ಚಿ, ಕುತ್ತಿಗೆ ಓರೆ ಮಾಡಿ ಕೇಳಿದಳು. ಕೊನೆಗೆ ಇಲ್ಲವೆಂದು ತಲೆಯಾಡಿಸಿದಳು.

"ಬರೇ ಬಾಜಾಪೆಟ್ಟಿಗಿ ಸಪ್ಪಳ ಕೇಳ್ತದ. ಏನಂದಾನ?"

"ನಿಮ್ಮ ಹೆಸರ ತಗೊಂಡಾನ್ರೀ."

"ನನ್ನ ಹೆಸರ? ಅವನ ಬಾಯಾಗ ನನ್ನ ಹೆಸರ ನಾ ಕೇಳೇ ಇಲ್ಲವ್ವಾ." ಹೆಡ್‌ಫೋನ್ ತೆಗೆದು ಸೊಸೆಯ ಕೈಗಿಟ್ಟಳು. "ಹ್ಯಾಂಗ ಅಂದಾನ, ನೀನ ಅಂದು ತೋರ್ಸು."

ಅತ್ತೆಯ ಹೆಸರನ್ನು ಸುಮಂಗಲಾ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಕಿವಿಯ ಹತ್ತಿರ ಬಾಗಿ ಹೇಳಿದಳು, "ಪುತಳಾಬಾಯಿ. ಗಂಡ ಯಂಕಪ್ಪ."

"ಇಷ್ಟ ಸಾವಕಾಶ ಹೇಳಿರಂಗಿಲ್ಲ ಬಿಡು. ಅವಂದು ಯಾವಾಗ್ಲೂ ಗಡಿಬಿಡಿ."

ಸುಮಂಗಲಾ ಉಸಿರೆಳೆದುಕೊಂಡು, ಇನ್ನೊಮ್ಮೆ, ಅವನಷ್ಟೇ ಅವಸರದಲ್ಲಿ ಹೇಳಿದಳು.