ಬರ್ತೀನಿ ಅನ್ನಬಾರದು

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆಲ್ಲ ತರಬೇತಿ ಕಡ್ಡಾಯ ಎಂದು ಮೇಲಿನಿಂದ ಆದೇಶ ಬಂದಿತ್ತು. ಪಾಳಿ ಮುಗಿಸಿ ಸೊಂಟ ಹಿಡಿದುಕೊಂಡು ನಿಂತಿದ್ದ ಆಯಾಗಳನ್ನು ವೃದ್ಧಾಶ್ರಮದ ಊಟದ ಹಾಲಿನಲ್ಲಿ ಕೂರಿಸಿದರು. ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದ ಹಿರಿಯ ಆಯಾ ಹಿಂದಿನ ಸಾಲು ಹಿಡಿದು ತೂಕಡಿಸತೊಡಗಿದಳು. ವರ್ಷಗಟ್ಟಲೆ ಮುದುಕರ ಮೈ ತೊಳೆದವಳಿಗೆ ಇನ್ನೆಂಥ ಪಾಠ? ಬಿಟ್ಟಿ ನಿದ್ದೆಯಾದರೂ ಸಿಕ್ಕಿತಲ್ಲ ಅಂದುಕೊಂಡಳು.

"ಮನೆಗೆ ಹೊರಡುವಾಗ ಇಲ್ಲಿನ ಅಜ್ಜ ಅಜ್ಜಿಯರಿಗೆ ಏನಂತೀರಿ?" ಎಂದು ಪಾಠದ ಮೇಡಂ ಕೇಳಿದರು.

"ಬರ್ತೀನಿ ಅಂತೀವಿ."

"ಅದನ್ನ ಅವರು ಹಾಗೇ ನಂಬ್ತಾರೆ. ಬರ್ತಾಳೆ ಅಂತ ಕಾಯ್ತಾ ಕೂರ್ತಾರೆ."

"ಮತ್ತೆ ಹೋಗ್ತೀನಿ ಅನ್ನೋಕಾಗತ್ತಾ ಮೇಡಂ?"

"ಹೋಗೋದೇ ತಾನೇ? ಹಾಗೇ ಹೇಳಿ."

ಎಲ್ಲರೂ ನಕ್ಕರು. ದೊಡ್ಡಕ್ಕನ ನಿದ್ದೆ ಮಾತ್ರ ಹಾರಿಹೋಯಿತು.

ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ ಒಂದು ತಿಂಗಳಿಂದ ರಾತ್ರಿ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಎರಡು ಸಲ ಬಿದ್ದೂ ಇದ್ದಳು. ಇನ್ನೊಮ್ಮೆ ಎದ್ದರೆ ಬೀಗ ಹಾಕುವ ಮಹಡಿಗೆ ಕಳಿಸುವುದೇ ಸೈ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಅಲ್ಲಿಗೆ ಹೋದವರು ಮಾತನ್ನೇ ಬಿಟ್ಟುಬಿಡುತ್ತಿದ್ದರು. ಕಾಯಿಲೆಯ ಚಾಳಿ ಎಂದು ಎಲ್ಲರೂ ಕೈಚೆಲ್ಲಿದ್ದರು. ಚಾಳಿಯಂತೆ, ಮಣ್ಣು. ದಿನಾ ಸಂಜೆ "ನಾಳೆ ಬರ್ತೀನಿ ಅಜ್ಜಿ" ಅನ್ನುತ್ತಿದ್ದವಳು ದೊಡ್ಡಕ್ಕನೇ. ಅಜ್ಜಿಯ ತಲೆಯಲ್ಲಿ 'ನಾಳೆ' ನಿಂತಿರಲಿಲ್ಲ, 'ಬರ್ತೀನಿ' ನಿಂತಿತ್ತು.

ಸಂಜೆ ಪಾಠ ಮುಗಿದ ಮೇಲೆ ದೊಡ್ಡಕ್ಕ ಚೀಲ ಹೆಗಲಿಗೇರಿಸಿ ಅಜ್ಜಿಯ ಹಾಸಿಗೆಯ ಬಳಿ ನಿಂತಳು.

"ಹೋಗ್ತೀನಿ ಅಜ್ಜಿ."

ಅಜ್ಜಿ ಅವಳ ಕೈಮೇಲೆ ಒಂದೇಟು ಹಾಕಿದಳು. ತನ್ನ ಹೆಸರು ಮರೆತಿದ್ದಳು, ಹೆತ್ತ ಮಕ್ಕಳ ಮುಖ ಮರೆತಿದ್ದಳು, ಇದೊಂದನ್ನು ಮರೆತಿರಲಿಲ್ಲ.

"ಹಾಗನ್ನಬಾರ್ದು ಕಣೇ. ಬರ್ತೀನಿ ಅನ್ನು."

ಬರ್ತೀನಿ ಅಂದರೆ ಅಜ್ಜಿ ಬೀಗದ ಮಹಡಿಯ ಪಾಲು. ಅನ್ನದಿದ್ದರೆ ಏನಾಗುತ್ತದೆಂದು ಮೇಡಂ ಹೇಳಿಕೊಟ್ಟಿರಲಿಲ್ಲ. ಬಸ್ಸಿನ ಹೊತ್ತಾಗಿತ್ತು.

"ಇಲ್ಲ ಅಜ್ಜಿ. ಹೋಗ್ತೀನಿ."

ಅಜ್ಜಿ ಹೊದಿಕೆ ಎಳೆದುಕೊಂಡಳು. "ಹೋಗು ಹಾಗಾದ್ರೆ," ಎಂದು ಗೋಡೆ ಕಡೆ ಹೊರಳಿದಳು.

ಮರುದಿನ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ನರ್ಸ್ ಗೇಟಿನಲ್ಲೇ ಸಿಕ್ಕಳು.

"ನಿಮ್ಮ ಪಾಠ ಕೆಲಸ ಮಾಡ್ತು ದೊಡ್ಡಕ್ಕ. ರಾತ್ರಿ ಅಜ್ಜಿ ಎದ್ದು ಬಾಗಿಲಿಗೆ ಬರಲೇ ಇಲ್ಲ, ಬೆಳಗಿನವರೆಗೂ ಮಲಗಿದ್ರು. ಇನ್ನು ಮಹಡಿಗೆ ಕಳಿಸೋ ಮಾತಿಲ್ಲ ಬಿಡಿ."

ದೊಡ್ಡಕ್ಕನಿಗೆ ಉಸಿರು ಬಂದಂತಾಯಿತು. "ಅಜ್ಜಿ ಏನಾದ್ರೂ ಅಂದ್ರಾ?"

"ನಾನು ದೀಪ ಆರಿಸೋಕೆ ಹೋದಾಗ ಒಂದೇ ಒಂದು ಮಾತು ಅಂದ್ರು. ಬಾಗಿಲು ಹಾಕ್ಕೊಂಡು ಹೋಗಮ್ಮ, ನಂಗೆ ಇನ್ಯಾರೂ ಬರೋರಿಲ್ಲ ಅಂತ."